ಸಿಗರೇಟು ಉಳಿಸಿದ ಹಾಡು

ನಮ್ಮ ಕೆಂಕೆರೆಯ ಕಡೆ ಬ್ಯಾಂಡು ಎಂದರೆ ಮದುವೆ ಮೆರವಣಿಗೆಯ ಮುಂದೆ ತುತ್ತೂರಿ ಊದಿಕೊಂಡು ಹೋಗುವವರು. ನಾಲ್ಕು ಹುಡುಗರು ಗಿಟಾರು, ಡ್ರಮ್ಮು ಹಿಡಿದು ತಮಗೊಂದು ಹೆಸರಿಟ್ಟುಕೊಂಡರೆ ಅದೂ ಬ್ಯಾಂಡೇ ಎಂಬುದು ಬೆಂಗಳೂರು ದಂಡಿನ ಕಡೆಯವರ ಮಾತು. ಅಂಥದೊಂದು ಬೆಂಗಳೂರಿನ ತಂಡ ‘ಡೈನೋಸಾರ್ಸ್’. ಕನ್ನಡದಲ್ಲಿ ಸಂಗೀತದ ಮಾತು ಬಂದಾಗ ಈ ಹೆಸರೆತ್ತಿದವರನ್ನು ನಾನಂತೂ ಕಂಡಿಲ್ಲ.

ಅವರ ದನಿ ಉಳಿದದ್ದು ಸಿಗರೇಟಿನ ದೆಸೆಯಿಂದ. ಇಂಪೀರಿಯಲ್ ಟೊಬ್ಯಾಕೊ ಕಂಪನಿ (1970ರಲ್ಲಿ ಅದರ ಹೆಸರು ಇಂಡಿಯಾ ಟೊಬ್ಯಾಕೊ ಎಂದಾಯಿತು) ‘ಸಿಮ್ಲಾ’ ಸಿಗರೇಟಿನ ಪ್ರಚಾರಕ್ಕಾಗಿ ‘ಸಿಮ್ಲಾ ಬೀಟ್’ ಎಂಬ ಸ್ಪರ್ಧೆ ನಡೆಸುತ್ತಿತ್ತು. ಅದರಲ್ಲಿ ಆರಿಸಿದ ಹಾಡುಗಳನ್ನು 1970 ಮತ್ತು 1971ರ ಹೆಸರಿನಲ್ಲಿ ಎರಡು ಎಲ್.ಪಿ. ತಟ್ಟೆಗಳಾಗಿ ಹೊರತಂದರು. ಷಿಲ್ಲಾಂಗಿನ ‘ಫೆಂಟೋನ್ಸ್’, ಕಲ್ಕತ್ತೆಯ ‘ಗ್ರೇಟ್ ಬೇರ್’ ಇವರೆಲ್ಲ ಅಲ್ಲಿದ್ದಾರೆ. ಮಕ್ಕಳ ಹಾಡಿನ ಹಂಬಲಕ್ಕೆ ಹೊಗೆಯ ವ್ಯಾಪಾರ ದುಡ್ಡು ಹಾಕಿತಲ್ಲ ಎಂದು ಹೊಟ್ಟೆ ಉರಿಯುತ್ತದೆ. ಆದರೆ ಬೇರೆ ಯಾರು ಹಾಕುತ್ತಿದ್ದರು? ನಮ್ಮ ಆಕಾಶವಾಣಿಯಲ್ಲೇ 1952ರ ನಂತರ ಕೆಲ ವರ್ಷ ಸಿನಿಮಾ ಹಾಡಿಗೂ ಜಾಗವಿಲ್ಲದೆ ಜನ ಸಿಲೋನ್ ರೇಡಿಯೋ ತಿರುಗಿಸಿದ್ದುಂಟು.

1970ರ ತಟ್ಟೆಯಲ್ಲಿ ಡೈನೋಸಾರ್ಸ್ ಹಾಡಿದ್ದು ‘ಸಿನಿಸ್ಟರ್ ಪರ್ಪಸ್’. ಅಮೆರಿಕದ ‘ಕ್ರೀಡೆನ್ಸ್ ಕ್ಲಿಯರ್‌ವಾಟರ್ ರಿವೈವಲ್’ ತಂಡ 1969ರಲ್ಲಿ ‘ಗ್ರೀನ್ ರಿವರ್’ ತಟ್ಟೆಯಲ್ಲಿ ಕೊಟ್ಟ ಹಾಡು. ಅದು ಬೆಂಗಳೂರಿಗೆ ಬರಲು ಹೆಚ್ಚು ದಿನ ಬೇಕಾಗಲಿಲ್ಲ ನೋಡಿ! ಕೇಳಿದರೆ ತಿದ್ದಿ ತೀಡಿದ ಹಾಡುಗಾರಿಕೆ ಅಲ್ಲ, ಒರಟು. ಅಮೆರಿಕದಲ್ಲಿ ಹೀಗೆ ಮನೆಯ ಕಾರು ಶೆಡ್ಡಿನಲ್ಲಿ ಅಭ್ಯಾಸ ಮಾಡಿ ಬಾರಿಸಿದವರ ಸಂಗೀತಕ್ಕೆ ‘ಗ್ಯಾರೇಜ್’ ಎಂದೇ ಹೆಸರು ಬಂತು. 1972ರಲ್ಲಿ ಲೆನ್ನಿ ಕೇ ಅಂಥ ಹಾಡುಗಳನ್ನು ‘ನಗೆಟ್ಸ್’ ಎಂದು ಒಟ್ಟುಮಾಡಿ, ಅವಕ್ಕೆ ‘ಪಂಕ್’ ಎಂಬ ಮಾತನ್ನೂ ಬಳಸಿದ. ಅಲ್ಲಿ ಅದು ಚರಿತ್ರೆಯಾಯಿತು. ಇಲ್ಲಿ ಆಮದು ಗಿಟಾರು ಕೈಗೆಟುಕದೆ, ಆಂಪ್ಲಿಫೈಯರನ್ನು ತಾವೇ ಜೋಡಿಸಿಕೊಳ್ಳುತ್ತಿದ್ದ ಕಾಲದ ಹುಡುಗರು ಬಾರಿಸಿದ್ದು ಹಳೇ ಸಾಮಾನಾಯಿತು.

“ಬೇರೆಯವರ ಹಾಡನ್ನು ನಕಲು ಮಾಡಿದ್ದಕ್ಕೆ ಇಷ್ಟೇಕಮ್ಮ?” ಎಂದು ನನ್ನ ಮಗಳು ಕೇಳಿದಳು. ನಮ್ಮ ನೆರೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ನಾಟಕ ಕಂಪನಿಯನ್ನು ನೆನಪಿಸಿದೆ. ಕಂಪನಿ ನಾಟಕದವರು ಮರಾಠಿ, ಪಾರ್ಸಿ ರಂಗದ ಮಟ್ಟುಗಳನ್ನು ಧಾರಾಳವಾಗಿ ತಂದುಕೊಂಡರು. ಅವನ್ನು ನಮ್ಮವೆಂದೇ ಅಜ್ಜಿಯರು ಒಲೆಯ ಮುಂದೆ ಗುನುಗಿಕೊಂಡರು. “ಅವರು ಮಾತನ್ನು ಕನ್ನಡ ಮಾಡಿದರಲ್ಲ” ಎಂದಳು ಅವಳು. ಅದೂ ನಿಜವೇ. ಇಂಗ್ಲಿಷಿನಲ್ಲೇ ನಿಂತದ್ದರಿಂದ ಈ ಹಾಡು ದಂಡು ದಾಟಿ ಪೇಟೆಗೂ ಬರಲಿಲ್ಲ, ತಿಪಟೂರಿನ ಮಾತು ಹಾಗಿರಲಿ.

ನಮ್ಮಲ್ಲಿ ಉಂಡೆ ಕೊಬ್ಬರಿಗೆ ತೆಂಗಿನಕಾಯನ್ನು ಅಟ್ಟಕ್ಕೆ ಹಾಕಿ ತಿಂಗಳುಗಟ್ಟಲೆ ಬಿಡುತ್ತೇವೆ, ನೀರೆಲ್ಲ ಇಂಗಿ ಒಳಗೆ ಗಿಟುಕು ಅಲ್ಲಾಡುವ ತನಕ. ಈ ತಟ್ಟೆಗಳೂ ಹಾಗೇ ಯಾರ ಯಾರದೋ ಅಟ್ಟದಲ್ಲಿದ್ದವು. ಆಮೇಲೆ ಹೊರದೇಶದವರು ಎರಡನ್ನೂ ಸೇರಿಸಿ ಸಿ.ಡಿ. ಮಾಡಿದರು. ಮಗಳು ಆ ಹಾಡನ್ನು ಎರಡನೇ ಸಲ ಹಾಕಿಸಿಕೊಂಡು ಕೇಳಿದಳು.