ಬೆನ್ನುಕಟ್ಟಿನ ಕ್ಷೌರದ ಕತ್ತಿ

'ಕ್ಷುರ' ಎಂಬ ಶಬ್ದವು ನಮ್ಮ ವಾಙ್ಮಯದಲ್ಲಿ ಅತಿ ಪ್ರಾಚೀನವಾದುದು. ವೇದಸಂಹಿತೆಗಳಲ್ಲಿಯೇ ಅದರ ಪ್ರಯೋಗವುಂಟು. ಗ್ರೀಕ್ ಭಾಷೆಯ 'ಕ್ಸುರೋನ್' ಎಂಬುದು ಅದರ ಸೋದರಶಬ್ದವೆಂದು ಭಾಷಾಶಾಸ್ತ್ರಜ್ಞರು ನಿರ್ಣಯಿಸಿದ್ದಾರೆ. ಕಠೋಪನಿಷತ್ತಿನಲ್ಲಿ ಆತ್ಮಜ್ಞಾನದ ಮಾರ್ಗಕ್ಕೆ ಕ್ಷುರಧಾರೆಯ ಹೋಲಿಕೆ ಬಂದಿರುವುದನ್ನು ಪಾಠ ಹೇಳದ ಅಧ್ಯಾಪಕರು ವಿರಳ. ಆದರೆ ಆ ಧಾರೆಯನ್ನು ಹೊತ್ತಿರುವ ವಸ್ತುವಿನ ಚರಿತ್ರೆಯನ್ನು ವಿಚಾರಿಸಿದವರು ನಮ್ಮಲ್ಲಿ ಕಡಮೆ. ಧಾರೆಯೂ ಅದನ್ನು ಹೊತ್ತ ಲೋಹವೂ ಒಂದೇ ತುಂಡಾಗಿರಬೇಕೆ, ಬೇರೆಬೇರೆಯಾಗಿರಬಹುದೆ ಎಂಬ ಪ್ರಶ್ನೆಯು ಯೂರೋಪಿನ ಕತ್ತಿಗಾರರನ್ನು ಒಂದು ಶತಮಾನಕ್ಕೂ ಮೇಲ್ಪಟ್ಟು ಕಾಡಿತು. ಅದಕ್ಕೆ ಅವರು ಕೊಟ್ಟ ಉತ್ತರಗಳಲ್ಲೊಂದು ಇಂಗ್ಲಿಷಿನಲ್ಲಿ 'ಫ್ರೇಮ್‌ಬ್ಯಾಕ್' ಎನಿಸಿಕೊಳ್ಳುವ ಕ್ಷೌರದ ಕತ್ತಿ. ಅದನ್ನು ಇಲ್ಲಿ 'ಬೆನ್ನುಕಟ್ಟಿನ ಕತ್ತಿ' ಎಂದು ಕರೆದಿದ್ದೇನೆ.

ಸಾಮಾನ್ಯವಾದ ಮಡಿಸುವ ಕ್ಷೌರದ ಕತ್ತಿಯಲ್ಲಿ ಬೆನ್ನಿನಿಂದ ಬಾಯಿಯವರೆಗೆ ಇರುವುದು ಒಂದೇ ಉಕ್ಕಿನ ತುಂಡು. ಬೆನ್ನು ದಪ್ಪ, ಬಾಯಿ ಸೂಕ್ಷ್ಮ, ನಡುವೆ ಕ್ರಮವಾದ ಇಳಿಜಾರು. ಬೆನ್ನುಕಟ್ಟಿನ ಕತ್ತಿಯಲ್ಲಿಯಾದರೋ ಅಲಗು ತೆಳುವಾದ ಹಾಳೆಯಂತಿರುತ್ತದೆ. ಹಿತ್ತಾಳೆಯ ಅಥವಾ ಉಕ್ಕಿನ ಪ್ರತ್ಯೇಕವಾದ ಕಟ್ಟೊಂದು ಅದರ ಬೆನ್ನನ್ನು ಕಚ್ಚಿ ಹಿಡಿದಿರುತ್ತದೆ. ಇದರಲ್ಲಿ ಮೂರು ಬಗೆಗಳನ್ನು ಗುರುತಿಸಬಹುದು. ಅಲಗನ್ನು ಕಟ್ಟಿನಿಂದ ಜಾರಿಸಿ ತೆಗೆದು ಬೇರೊಂದನ್ನು ಹಾಕಬಹುದಾದುದು ಮೊದಲನೆಯದು. ಅಲಗು ಕಟ್ಟಿನಲ್ಲಿ ಶಾಶ್ವತವಾಗಿ ನೆಲೆಗೊಂಡಿರುವುದು ಎರಡನೆಯದು. ಒಂದೇ ತುಂಡನ್ನು ಕಟ್ಟಿನ ಆಕಾರ ತೋರುವಂತೆ ಸಾಣೆ ಹಿಡಿದುದು ಮೂರನೆಯದು. ಇದು ಆಕಾರದಲ್ಲಿ ಮಾತ್ರ ಬೆನ್ನುಕಟ್ಟು, ಸ್ವರೂಪದಲ್ಲಲ್ಲ. ಸ್ವಿಟ್ಜರ್ಲೆಂಡಿನ ಜೂರಾ ಪರ್ವತಪ್ರದೇಶದ ಲ ಸಾಂತ್ಯೇ ಎಂಬಲ್ಲಿ ಲಕೂಲ್ತ್ರ್ ಎಂಬವರೂ, ಸ್ವೀಡನ್ನಿನ ಎಸ್ಕಿಲ್‌ಸ್ಟುನ ಪಟ್ಟಣದಲ್ಲಿ ಎಂಗ್‌ಸ್ಟ್ರೋಮ್ ಎಂಬವರೂ ೧೯ನೆಯ ಶತಮಾನದಲ್ಲಿ ಮೊದಲ ಬಗೆಯ ಕತ್ತಿಗಳಿಗೆ ಹೆಸರಾದರು. ಮೂರನೆಯ ಬಗೆಯವು ಇಂಗ್ಲೆಂಡಿನ ಷೆಫೀಲ್ಡಿನಲ್ಲಿಯೂ ಹುಟ್ಟಿದವು.

ಇಂತಹ ರಚನೆಗೆ ಕಾರಣವೇನು? ಒಳ್ಳೆಯ ಉಕ್ಕಿನ ದುರ್ಲಭತೆಯೇ ಮುಖ್ಯಕಾರಣವೆಂದು ನನಗೆ ತೋರುತ್ತದೆ. ಷೆಫೀಲ್ಡಿನ ಬಳಿ ಬೆಂಜಮಿನ್ ಹಂಟ್ಸ್‌ಮನ್ನನು ೧೭೪೦ರ ದಶಕದಲ್ಲಿ ಮೂಸೆಯಲ್ಲಿ ಉಕ್ಕನ್ನು ಕರಗಿಸಿ ಎರಕ ಹೊಯ್ಯುವ ಕ್ರಮವನ್ನು ಸಾಧಿಸಿದನು. ಇದರಿಂದ ಏಕರೂಪವಾದ ಉಕ್ಕು ದೊರೆಯಿತಾದರೂ ಅದು ಅಗ್ಗವಾಗಿರಲಿಲ್ಲ. ಕೂದಲನ್ನು ಕತ್ತರಿಸುವುದು ಧಾರೆಯ ಅಂಚು ಮಾತ್ರ. ಉಳಿದ ಲೋಹದ ಕೆಲಸವು ಆ ಅಂಚನ್ನು ಅಲುಗದಂತೆ ಹಿಡಿಯುವುದಷ್ಟೆ. ಹೀಗಿರಲು ಬೆನ್ನಿಗೂ ಬೆಲೆಯುಳ್ಳ ಉಕ್ಕನ್ನೇಕೆ ವ್ಯಯಮಾಡಬೇಕೆಂದು ಕತ್ತಿಗಾರನು ಯೋಚಿಸಿದುದು ಸಹಜವೇ. ಎರಡನೆಯ ಕಾರಣವು ಶ್ರಮಕ್ಕೆ ಸಂಬಂಧಿಸಿದುದು. ದಪ್ಪನಾದ ತುಂಡನ್ನು ಇಕ್ಕೆಲಗಳಲ್ಲಿಯೂ ತೋಡಿ ತೆಳ್ಳಗೆ ಮಾಡುವ ಸಾಣೆಯ ಕೌಶಲವು ಜರ್ಮನಿಯ ಸೋಲಿಂಗೆನ್ ಮೊದಲಾದ ಕಡೆಗಳಲ್ಲಿ ಪೂರ್ಣತೆಗೆ ಬಂದುದು ೧೯ನೆಯ ಶತಮಾನದ ಉತ್ತರಾರ್ಧದಲ್ಲಿ. ಅದಕ್ಕೆ ಮುಂಚೆ ತೆಳುವಾದ ಅಲಗು ಬೇಕೆನ್ನುವವರಿಗೆ ಬೆನ್ನುಕಟ್ಟೇ ಸುಲಭವಾದ ಉಪಾಯವಾಗಿತ್ತು.

ಉಕ್ಕಿನ ಮಾತು ಬಂದುದರಿಂದ ನಮ್ಮ ನಾಡಿಗೆ ಸೇರಿದ ಒಂದಂಶವನ್ನು ಇಲ್ಲಿ ಹೇಳುವುದು ಉಚಿತ. ಷೆಫೀಲ್ಡಿನ ಎರಕದ ಉಕ್ಕಿಗಿಂತ ಉತ್ತಮವಾದುದನ್ನು ಹುಡುಕುತ್ತಿದ್ದ ಇಂಗ್ಲೆಂಡಿನ ವಿದ್ವಾಂಸರ ಕೈಗೆ ೧೭೯೦ರ ದಶಕದಲ್ಲಿ ಬೊಂಬಾಯಿಯಿಂದ 'ವೂಟ್ಸ್' ಎಂಬ ಹೆಸರಿನ ಉಕ್ಕು ತಲುಪಿತು. ಕಳುಹಿಸಿದವನು ಹೆಲೆನಸ್ ಸ್ಕಾಟ್ ಎಂಬ ವೈದ್ಯನು. ಜಾರ್ಜ್ ಪಿಯರ್ಸನ್ನನು ೧೭೯೫ರಲ್ಲಿ ಅದರ ಪರೀಕ್ಷೆಯನ್ನು ರಾಯಲ್ ಸೊಸೈಟಿಯ ಮುಂದೆ ನಿವೇದಿಸಿದನು. ಆ ಪರೀಕ್ಷೆಗಾಗಿ ಲಂಡನ್ನಿನ ಕತ್ತಿಗಾರ ಜೇಮ್ಸ್ ಸ್ಟೊಡಾರ್ಟನು ವೂಟ್ಸಿನಿಂದ ಲೇಖನಿ ಕೆತ್ತುವ ಚೂರಿಯೊಂದನ್ನು ಮಾಡಿಕೊಟ್ಟನು. ಈ ಸ್ಟೊಡಾರ್ಟನೇ ಮುಂದೆ ಮೈಕಲ್ ಫ್ಯಾರಡೆಯೊಡಗೂಡಿ ೧೮೨೦ ಮತ್ತು ೧೮೨೨ರಲ್ಲಿ ಮಿಶ್ರೋಕ್ಕುಗಳ ಮೇಲಿನ ಪ್ರಯೋಗಗಳನ್ನು ಪ್ರಕಟಿಸಿದನು. ೫೦೦ ಪಾಲು ಉಕ್ಕಿಗೆ ೧ ಪಾಲು ಬೆಳ್ಳಿ ಸೇರಿಸಿದ ಮಿಶ್ರಣವು ಅವುಗಳಲ್ಲೊಂದು. ಇದಾದ ಬಳಿಕ ಕ್ಷೌರದ ಕತ್ತಿಗಳ ಮೇಲೆ 'ಬೆಳ್ಳಿಯುಕ್ಕು' ಎಂಬ ಮುದ್ರೆ ವಾಡಿಕೆಗೆ ಬಂದಿತು. ಮುದ್ರೆಯಿದ್ದಲ್ಲೆಲ್ಲ ಬೆಳ್ಳಿಯಿತ್ತೆಂದು ಮಾತ್ರ ನಂಬಬೇಕಾಗಿಲ್ಲ.

'ವೂಟ್ಸ್' ಎಂಬುದು ಯಾವ ಭಾಷೆಯ ಶಬ್ದ? ೧೮೮೬ರಲ್ಲಿ ಪ್ರಕಟವಾದ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ಯೂಲ್ ಮತ್ತು ಬರ್ನೆಲರು ಅದು ಕನ್ನಡದ 'ಉಕ್ಕು' ಎಂಬುದೇ ಬರವಣಿಗೆಯ ತಪ್ಪಿನಿಂದ ವಿಕೃತವಾದುದಾಗಿರಬೇಕೆಂದು ಊಹಿಸಿದ್ದಾರೆ. ತೆಲುಗಿನಲ್ಲಿಯೂ 'ಉಕ್ಕು' ಎಂಬ ರೂಪವೇ ಇರುವುದರಿಂದ ಇದು ಕನ್ನಡಕ್ಕೊಂದಕ್ಕೇ ಸೇರಿದುದೆಂದು ಸಾಧಿಸುವುದು ದುಡುಕಾದೀತು. ತಮಿಳಿನಲ್ಲಿ 'ಉರುಕ್ಕು' ಎಂದರೆ ಕರಗಿಸು ಎಂದೂ ಅರ್ಥವಿರುವುದನ್ನು ನೋಡಿದರೆ ಮೂಸೆಯಲ್ಲಿ ಕರಗಿಸುವ ಕ್ರಿಯೆಯೇ ಈ ಹೆಸರಿಗೆ ನಿಮಿತ್ತವೆಂದು ತಿಳಿಯಬಹುದು. ೧೮೦೦-೦೧ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ನನು ಇಲ್ಲಿಯ ಕಬ್ಬಿಣ ಉಕ್ಕುಗಳ ಕುಲುಮೆಗಳನ್ನು ಕಣ್ಣಾರೆ ಕಂಡು ವರ್ಣಿಸಿರುವನು. ಶಬ್ದವು ವಿಕೃತವಾದರೂ ವಸ್ತುವಿನ ಕೀರ್ತಿ ಸಮುದ್ರವನ್ನು ದಾಟಿತೆಂಬುದು ಇದರಿಂದ ಸಿದ್ಧವಾಗುತ್ತದೆ.

ಈಗ ಬೆನ್ನುಕಟ್ಟಿನ ಗುಣದೋಷಗಳಿಗೆ ಬರೋಣ. ಇಂತಹ ಹಳೆಯ ಕತ್ತಿಗಳನ್ನು ಸಂಗ್ರಹಿಸಿ ಬಳಸುವವರು ಇಂದಿಗೂ ಉಂಟು. ಅವರಲ್ಲಿ ಎರಡು ಪಕ್ಷಗಳಿವೆ. ಅಲಗು ತೆಳುವಾದುದರಿಂದ ಬೇಗ ಹರಿತವಾಗುವುದು, ಕಟ್ಟಿನ ಭಾರದಿಂದ ಕೈಗೆ ಸ್ಥಿರತೆ ಬರುವುದು ಎಂದು ಒಂದು ಪಕ್ಷದವರು ಹೇಳುತ್ತಾರೆ. ತೆಳುವಾದ ಅಲಗು ಒರಟು ಗಡ್ಡದ ಮೇಲೆ ಬಳುಕುವುದು, ಕಟ್ಟಿನ ಸಂದಿಯಲ್ಲಿ ನೀರು ನಿಂತು ತುಕ್ಕು ಹಿಡಿಯುವುದು, ಹಿತ್ತಾಳೆಯು ಮಸೆಗಲ್ಲಿಗೆ ಹತ್ತಿ ಅದನ್ನು ಕೆಡಿಸುವುದು ಎಂದು ಮತ್ತೊಂದು ಪಕ್ಷದವರ ಆಕ್ಷೇಪ.

ಈ ವಿವಾದವನ್ನು ರುಚಿಭೇದವೆಂದು ಬಿಟ್ಟುಬಿಡಲಾಗದು. ಅದರಲ್ಲಿ ಗಣಿತದಿಂದ ನಿರ್ಣಯಿಸಬಹುದಾದ ಅಂಶವೊಂದಿದೆ. ಕ್ಷೌರದ ಕತ್ತಿಯನ್ನು ಮಸೆಯುವಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲನ್ನು ಮುಟ್ಟಿರುತ್ತವೆ. ಆದುದರಿಂದ ಧಾರೆಯ ಕೋನವನ್ನು ನಿಶ್ಚಯಿಸುವುದು ಮಸೆಯುವವನ ಕೈಯಲ್ಲ, ಬೆನ್ನಿನ ದಪ್ಪಕ್ಕೂ ಅಲಗಿನ ಅಗಲಕ್ಕೂ ಇರುವ ಪ್ರಮಾಣ. ಅಗಲ ೧೬ ಮಿಲಿಮೀಟರ್, ದಪ್ಪ ೪.೫ ಮಿಲಿಮೀಟರ್ ಇದ್ದರೆ ಕೋನವು ಸುಮಾರು ೧೬ ಡಿಗ್ರಿಯಾಗುತ್ತದೆ; ಇದು ಕ್ಷೌರಕ್ಕೆ ಯೋಗ್ಯವಾದುದು. ಏಕಖಂಡವಾದ ಕತ್ತಿಯಲ್ಲಿ ಬೆನ್ನೂ ಬಾಯಿಯೂ ಒಂದೇ ಲೋಹವಾದುದರಿಂದ ಎರಡೂ ಜೊತೆಯಾಗಿ ಸವೆದು ಈ ಪ್ರಮಾಣವು ಬಹುಮಟ್ಟಿಗೆ ಉಳಿಯುತ್ತದೆ. ಬೆನ್ನುಕಟ್ಟಿನಲ್ಲಿ ಹಾಗಲ್ಲ. ಕಟ್ಟು ಸವೆಯದೆ ಅಲಗು ಮಾತ್ರ ೧೩ ಮಿಲಿಮೀಟರಿಗೆ ಇಳಿದರೆ ಕೋನವು ೨೦ ಡಿಗ್ರಿಗೆ ಏರಿ ಧಾರೆ ಮೊಂಡಾಗುವುದು. ಹಿತ್ತಾಳೆಯ ಕಟ್ಟು ೩.೫ ಮಿಲಿಮೀಟರಿಗೆ ಸವೆದ ಮೇಲೆ ಅದರಲ್ಲಿ ೧೬ ಮಿಲಿಮೀಟರಿನ ಹೊಸ ಅಲಗನ್ನಿಟ್ಟರೆ ಕೋನವು ೧೨-೧೩ ಡಿಗ್ರಿಗೆ ಕುಗ್ಗಿ ಅಂಚು ಮುರಿಯುವ ಭಯವುಂಟು. ಧಾರೆಯನ್ನು ಆಧಾರದಿಂದ ಬೇರ್ಪಡಿಸಿದವನು ಎರಡರ ಸವೆತವನ್ನೂ ಬೇರೆಬೇರೆಯಾಗಿ ಎಣಿಸಬೇಕಾಗುತ್ತದೆ.

ಹಾಗಾದರೆ ಬೆನ್ನುಕಟ್ಟು ನಿಷ್ಫಲವಾದ ಪ್ರಯೋಗವೆ? ಅಲ್ಲವೆಂದೇ ನನ್ನ ಅಭಿಪ್ರಾಯ. ಕಿಂಗ್ ಕ್ಯಾಂಪ್ ಜಿಲೆಟ್ಟನು ೧೯೦೩ರಲ್ಲಿ ಮಾರಾಟಕ್ಕಿಟ್ಟ ಕ್ಷೌರಯಂತ್ರವೇ ಅಲಗನ್ನೂ ಹಿಡಿಕೆಯನ್ನೂ ಬೇರ್ಪಡಿಸಿದ ಮೊದಲ ಸಾಧನವೆಂದು ಹಲವರು ಭಾವಿಸಿರುವರು. ಆ ವರ್ಷ ಮಾರಾಟವಾದವು ಕೇವಲ ೫೧ ಯಂತ್ರಗಳು ಮತ್ತು ೧೬೮ ಅಲಗುಗಳು. ಆದರೆ ಬೇರ್ಪಡಿಸುವ ತತ್ತ್ವವು ಅದಕ್ಕಿಂತ ಹಿಂದಿನ ಶತಮಾನದಲ್ಲಿಯೇ ಲ ಸಾಂತ್ಯೇ ಮತ್ತು ಎಸ್ಕಿಲ್‌ಸ್ಟುನಗಳ ಕುಶಲಿಗಳ ಕೈಯಲ್ಲಿ ರೂಪಗೊಂಡಿತ್ತು. ಭೇದವೇನೆಂದರೆ, ಜಿಲೆಟ್ಟನ ಅಲಗು ಮೊಂಡಾದರೆ ಬಿಸಾಡತಕ್ಕುದು. ಬೆನ್ನುಕಟ್ಟಿನ ಅಲಗು ಮೊಂಡಾದರೆ ಮತ್ತೆ ಮಸೆಯತಕ್ಕುದು. ಜಿಲೆಟ್ಟನು ಮಸೆಯುವುದನ್ನೇ ತೆಗೆದುಹಾಕಿ ಕೋನದ ತೊಡಕನ್ನು ಪರಿಹರಿಸಿದನು. ಅದರೊಡನೆ ಮಸೆಯುವವನ ವಿದ್ಯೆಯೂ ಮನೆಮನೆಗಳಿಂದ ತೊಲಗಿತು.

ಆದುದರಿಂದ ಬೆನ್ನುಕಟ್ಟಿನ ಕತ್ತಿಯನ್ನು ಬಡವರ ಮಿತವ್ಯಯದ ಸಾಧನವೆಂದಾಗಲಿ, ಏಕಖಂಡದ ಕತ್ತಿಗಿಂತ ಮೇಲಾದುದೆಂದಾಗಲಿ ಎಣಿಸುವುದು ಸರಿಯಲ್ಲ. ದುರ್ಲಭವಾದ ಉಕ್ಕನ್ನು ಅಂಚಿಗೆ ಮೀಸಲಿಟ್ಟು, ಮಸೆಯುವ ವಿದ್ಯೆಯನ್ನೂ ಕೈಬಿಡದ ಮಧ್ಯಮಮಾರ್ಗ ಅದು. ಕ್ಷುರಧಾರೆಯ ಪಾಠ ಹೇಳುವಾಗ ಅಧ್ಯಾಪಕರು ವಿದ್ಯಾರ್ಥಿಗಳಿಗೆ ಹಳೆಯ ಕ್ಷೌರದ ಕತ್ತಿಯೊಂದನ್ನು ತೋರಿಸಬಲ್ಲರಾದರೆ, ಧಾರೆಯು ಎಷ್ಟು ಸೂಕ್ಷ್ಮವೋ ಅದನ್ನು ಕಾಪಾಡಿಕೊಳ್ಳುವುದೂ ಅಷ್ಟೇ ಕಷ್ಟವೆಂಬುದು ವ್ಯಾಖ್ಯಾನವಿಲ್ಲದೆಯೇ ಅವರಿಗೆ ಮನದಟ್ಟಾದೀತು.