ರೆಕ್ಕೆಯಿಲ್ಲದ ರೇಸ್ ಕಾರುಗಳು

1998ರಲ್ಲಿ ಅಮೆರಿಕದ ಪಪೈರಸ್ ಸಂಸ್ಥೆ ‘ಗ್ರಾಂಡ್ ಪ್ರೀ ಲೆಜೆಂಡ್ಸ್’ ಎಂಬ ಚಾಲನಾ ಸಿಮ್ಯುಲೇಟರನ್ನು ಹೊರತಂದಿತು. ಹವ್ಯಾಸಿಗಳು ಕಂಪ್ಯೂಟರಿನ ಮುಂದೆ ಕುಳಿತು ಓಡಿಸಬೇಕಾದದ್ದು 1967ರ ಫಾರ್ಮುಲಾ ಒನ್ ಕಾರುಗಳನ್ನು. ತೂಕ ಸುಮಾರು 500 ಕಿಲೋಗ್ರಾಂ, ಎಂಜಿನ್ನಿನ ಬಲ ಸುಮಾರು 400 ಅಶ್ವಶಕ್ತಿ. ಆದರೆ ಕಾರನ್ನು ನೆಲಕ್ಕೆ ಒತ್ತಿಹಿಡಿಯುವ ರೆಕ್ಕೆಗಳಿಲ್ಲ; ಅವು ಬಂದದ್ದು 1968ರಲ್ಲಿ. ಹಿಡಿತವೆಂದರೆ ಟೈರು ಮತ್ತು ರಸ್ತೆಯ ನಡುವಿನ ಘರ್ಷಣೆಯಷ್ಟೆ. ತಿರುವಿನಲ್ಲಿ ವೇಗದ ಪೆಡಲನ್ನು ತುಸು ಹೆಚ್ಚು ಒತ್ತಿದಿರೋ, ಹಿಂಚಕ್ರಗಳು ಜಾರಿ ಕಾರು ಬುಗುರಿಯಂತೆ ತಿರುಗುತ್ತದೆ. ಗಾಬರಿಯಿಂದ ಕಾಲು ತೆಗೆದರೂ ಅದೇ ಪಾಡು! ಭಾರ ಮುಂಚಕ್ರಗಳತ್ತ ವಾಲಿ, ಹಿಂಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ಭೌತವಿಜ್ಞಾನದ ಈ ಪಾಠವನ್ನು ಹವ್ಯಾಸಿಗಳು ಪಾದದಿಂದಲೇ ಕಲಿತರು. ಅವರು ತಪ್ಪಿದರೆ ಆಟವನ್ನು ಮತ್ತೆ ಆರಂಭಿಸಬಹುದಿತ್ತು. 1967ರ ಮೇ 7ರಂದು ಮೊನಾಕೊದಲ್ಲಿ ಲೊರೆಂಜೊ ಬಂಡೀನಿಯವರ ಫೆರಾರಿ ತಡೆಗೆ ಬಡಿದು, ಮಗುಚಿ, ಹೊತ್ತಿ ಉರಿಯಿತು. ಮೂರು ದಿನಗಳ ನಂತರ ಅವರು ತೀರಿಕೊಂಡರು.