ಕೊರೊನಾ ಬಳಿಕ ಕೇರಳದ ಆರ್ಥಿಕತೆ ಚೇತರಿಸಿಕೊಂಡಿದ್ದು ಹೇಗೆ? ಕಳಮಶ್ಶೇರಿಯಿಂದ ಗಲ್ಫ್‌ವರೆಗಿನ ಲೆಕ್ಕಾಚಾರ ಇಲ್ಲಿದೆ

ಕೊಚ್ಚಿ: ಕೇರಳದಲ್ಲಿ ಕೊರೊನಾಗೆ ಮೊದಲ ಸಾವು ವರದಿಯಾಗಿದ್ದು 2020ರ ಮಾರ್ಚ್ 28ರಂದು. ವಿದೇಶದಿಂದ ಮರಳಿದ್ದ ಹಿರಿಯರೊಬ್ಬರು ಕಳಮಶ್ಶೇರಿಯ ಎರ್ನಾಕುಳಂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದಿದ್ದರು. ಅದಾಗಿ ಕೆಲವೇ ವರ್ಷಗಳಲ್ಲಿ ರಾಜ್ಯದ ಪ್ರವಾಸೋದ್ಯಮ, ವಿಮಾನಯಾನ, ಗಲ್ಫ್ ಹಣ ಎಲ್ಲವೂ ಹಳಿಗೆ ಮರಳಿದವು. ಆದರೆ ಚೇತರಿಕೆಯ ಲಾಭ ಎಲ್ಲರಿಗೂ ಸಮನಾಗಿ ಸಿಕ್ಕಿತೇ? ಅಂಕಿ ಅಂಶಗಳು ಬೇರೆಯದೇ ಕಥೆ ಹೇಳುತ್ತವೆ.

ಕಳಮಶ್ಶೇರಿ ಏಕೆ ಮುಖ್ಯ?

ಕೊಚ್ಚಿಗೆ ಹೊಂದಿಕೊಂಡಿರುವ ಕಳಮಶ್ಶೇರಿ ಹಳೆಯ ಕೈಗಾರಿಕಾ ಪಟ್ಟಣ. ಬೆಂಗಳೂರಿನ ಜಾಲಹಳ್ಳಿಯಲ್ಲಿ ಶುರುವಾದ ಎಚ್‌ಎಂಟಿ 1964ರಲ್ಲಿ ಇಲ್ಲಿಯೂ ಘಟಕ ತೆರೆದಿತ್ತು. ಕೊಚ್ಚಿ ವಿಜ್ಞಾನ ಮತ್ತು ತಂತ್ರಜ್ಞಾನ ವಿಶ್ವವಿದ್ಯಾಲಯ (ಕುಸಾಟ್) ಇರುವುದೂ ಇಲ್ಲೇ. ಕೇರಳ ಸ್ಟಾರ್ಟಪ್ ಮಿಷನ್‌ನ ಸಂಕೀರ್ಣ ಮತ್ತು ಹಾರ್ಡ್‌ವೇರ್ ಸ್ಟಾರ್ಟಪ್‌ಗಳ ಮೇಕರ್ ವಿಲೇಜ್ ಕೂಡ ಇಲ್ಲಿವೆ.

ಸೋಂಕು ಹರಡಿದಾಗ ಆಸ್ಪತ್ರೆ ಮತ್ತು ತಂತ್ರಜ್ಞಾನ ಎರಡೂ ಕೈಜೋಡಿಸಿದವು. ಗಾಜಿನ ಗೂಡಿನೊಳಗೆ ನಿಂತು ಗಂಟಲು ದ್ರವದ ಮಾದರಿ ಸಂಗ್ರಹಿಸುವ 'ವಿಸ್ಕ್' ಕಿಯೋಸ್ಕ್ ಅನ್ನು ವೈದ್ಯಕೀಯ ಕಾಲೇಜಿನಲ್ಲೇ ರೂಪಿಸಲಾಯಿತು. ಪ್ರತಿ ಪರೀಕ್ಷೆಗೂ ಸಿಬ್ಬಂದಿ ಪಿಪಿಇ ಕಿಟ್ ಬದಲಿಸುವುದು ಇದರಿಂದ ತಪ್ಪಿತು. ಏಪ್ರಿಲ್ ಕೊನೆಯ ವಾರ ಅಸಿಮೋವ್ ರೊಬೊಟಿಕ್ಸ್ ತಯಾರಿಸಿದ 'ಕರ್ಮಿ ಬಾಟ್' ರೋಬೋ ವಾರ್ಡ್‌ಗೆ ಬಂತು. ರೋಗಿಗಳಿಗೆ ಊಟ, ಔಷಧ ತಲುಪಿಸುವುದು ಇದರ ಕೆಲಸವಾಗಿತ್ತು. ನಟ ಮೋಹನ್‌ಲಾಲ್ ಅವರ ವಿಶ್ವಶಾಂತಿ ಪ್ರತಿಷ್ಠಾನ ಇದನ್ನು ಕೊಡುಗೆಯಾಗಿ ನೀಡಿತ್ತು.

20 ಸಾವಿರ ಕೋಟಿ ಪ್ಯಾಕೇಜ್‌ನಲ್ಲಿ ಏನಿತ್ತು?

ದೇಶದಲ್ಲಿ ಲಾಕ್‌ಡೌನ್ ಜಾರಿಯಾಗುವ ಮುನ್ನವೇ, ಅಂದರೆ 2020ರ ಮಾರ್ಚ್ 19ರಂದು ತಿರುವನಂತಪುರದಲ್ಲಿ ಮುಖ್ಯಮಂತ್ರಿ ಪಿಣರಾಯಿ ವಿಜಯನ್ 20,000 ಕೋಟಿ ರೂ. ಪ್ಯಾಕೇಜ್ ಘೋಷಿಸಿದರು. ಪ್ರಮುಖ ಅಂಶಗಳು ಹೀಗಿವೆ:

* ಕುಟುಂಬಶ್ರೀ ಮಹಿಳಾ ಸಂಘಗಳ ಮೂಲಕ ಸಾಲ: 2,000 ಕೋಟಿ ರೂ.
* ಗ್ರಾಮೀಣ ಉದ್ಯೋಗ ಖಾತ್ರಿ: 2,000 ಕೋಟಿ ರೂ.
* ಎರಡು ತಿಂಗಳ ಪಿಂಚಣಿ ಮುಂಗಡ: 1,320 ಕೋಟಿ ರೂ.
* ಆರೋಗ್ಯ ಕ್ಷೇತ್ರ: 500 ಕೋಟಿ ರೂ.
* ಸರ್ಕಾರ ಉಳಿಸಿಕೊಂಡಿದ್ದ ಬಾಕಿ ಪಾವತಿ: 14,000 ಕೋಟಿ ರೂ.

ಗಮನಿಸಬೇಕಾದ ಸಂಗತಿ ಎಂದರೆ, ಒಟ್ಟು ಮೊತ್ತದ ಮೂರನೇ ಎರಡು ಭಾಗಕ್ಕೂ ಹೆಚ್ಚು ಹಣ ಮೊದಲೇ ಕೊಡಬೇಕಿದ್ದ ಬಾಕಿ. ಆದರೂ ವ್ಯವಹಾರ ನಿಂತುಹೋದ ಹೊತ್ತಿನಲ್ಲಿ ಬಾಕಿ ಕೈಸೇರುವುದೂ ದೊಡ್ಡ ಆಸರೆಯೇ. 2021ರ ಜೂನ್ 4ರ ಬಜೆಟ್‌ನಲ್ಲಿ ಹಣಕಾಸು ಸಚಿವ ಕೆ.ಎನ್. ಬಾಲಗೋಪಾಲ್ ಮತ್ತೊಂದು 20,000 ಕೋಟಿ ರೂ. ಪ್ಯಾಕೇಜ್ ಪ್ರಕಟಿಸಿದರು. ಅದರಲ್ಲಿ ಆರೋಗ್ಯ ತುರ್ತಿಗೆ 2,800 ಕೋಟಿ, ಜೀವನೋಪಾಯ ಕಳೆದುಕೊಂಡವರಿಗೆ 8,900 ಕೋಟಿ, ಸಾಲ ಮತ್ತು ಬಡ್ಡಿ ಸಹಾಯಧನಕ್ಕೆ 8,300 ಕೋಟಿ ರೂ. ಮೀಸಲಿಡಲಾಗಿತ್ತು. ಇದರಲ್ಲಿ ಹೊಸ ಹಣ ಎಷ್ಟು ಎಂದು ವಿರೋಧ ಪಕ್ಷ ಪ್ರಶ್ನಿಸಿತ್ತು.

ಪ್ರವಾಸಿಗರು ಬಂದರು, ವಿದೇಶಿಯರು ಬರಲಿಲ್ಲ

2019ರಲ್ಲಿ ಕೇರಳಕ್ಕೆ 1.83 ಕೋಟಿ ದೇಶೀಯ ಪ್ರವಾಸಿಗರು ಬಂದಿದ್ದರು. 2020ರಲ್ಲಿ ಈ ಸಂಖ್ಯೆ 50 ಲಕ್ಷಕ್ಕಿಂತ ಕೆಳಗಿಳಿಯಿತು. 2023ರಲ್ಲಿ 2.18 ಕೋಟಿಗೆ ಏರಿ ಹಳೆಯ ದಾಖಲೆ ಮುರಿಯಿತು. ವಿದೇಶಿ ಪ್ರವಾಸಿಗರ ಲೆಕ್ಕ ಹಾಗಿಲ್ಲ. 2019ರಲ್ಲಿ 11.89 ಲಕ್ಷ ಇದ್ದವರು 2023ರಲ್ಲಿ 6.49 ಲಕ್ಷ ಮಾತ್ರ. ವಿದೇಶಿಯರನ್ನೇ ನಂಬಿದ್ದ ಫೋರ್ಟ್ ಕೊಚ್ಚಿಯಂಥ ಕಡೆಗಳ ಹೋಂ ಸ್ಟೇಗಳಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕೊಚ್ಚಿ ವಿಮಾನ ನಿಲ್ದಾಣ ಸಂಸ್ಥೆ (ಸಿಯಾಲ್) 2020-21ರಲ್ಲಿ 87.21 ಕೋಟಿ ರೂ. ನಷ್ಟ ಅನುಭವಿಸಿತು. 2022-23ರಲ್ಲಿ 267.17 ಕೋಟಿ ರೂ. ಲಾಭ ಗಳಿಸಿತು.

ಗಲ್ಫ್ ಹಣ ಹೆಚ್ಚಾಯಿತು, ಮರಳಿದವರೂ ಹೆಚ್ಚಾದರು

ವಂದೇ ಭಾರತ್ ಮಿಷನ್‌ನಡಿ ಅಬುಧಾಬಿಯಿಂದ ಹೊರಟ ಮೊದಲ ವಿಮಾನ 2020ರ ಮೇ 7ರ ರಾತ್ರಿ ಕೊಚ್ಚಿಯಲ್ಲಿ ಇಳಿಯಿತು. ಆ ಬಳಿಕ ಲಕ್ಷಾಂತರ ಮಂದಿ ತವರಿಗೆ ಮರಳಿದರು.

2023ರ ಕೇರಳ ವಲಸೆ ಸಮೀಕ್ಷೆ ಪ್ರಕಾರ, ಹೊರದೇಶದಿಂದ ರಾಜ್ಯಕ್ಕೆ ಬರುವ ಹಣ 2018ರ 85,092 ಕೋಟಿ ರೂ.ಗಳಿಂದ ಸುಮಾರು 2.17 ಲಕ್ಷ ಕೋಟಿ ರೂ.ಗೆ ಏರಿದೆ. ಇದೇ ಅವಧಿಯಲ್ಲಿ ಊರಿಗೆ ವಾಪಸಾದ ವಲಸಿಗರ ಸಂಖ್ಯೆ ಸುಮಾರು 12 ಲಕ್ಷದಿಂದ 18 ಲಕ್ಷಕ್ಕೆ ಹೆಚ್ಚಿದೆ. ಅಂದರೆ ಒಂದು ಮನೆಗೆ ಹೆಚ್ಚು ಹಣ ಬರುತ್ತಿದ್ದರೆ, ಪಕ್ಕದ ಮನೆಯಲ್ಲಿ ದುಡಿಯುವವರು ಕೆಲಸ ಬಿಟ್ಟು ಬಂದು ಕುಳಿತಿರಬಹುದು. ಇಂಥವರಿಗಾಗಿ ನೋರ್ಕಾ ಮತ್ತು ಕುಟುಂಬಶ್ರೀ ಸೇರಿ ಸ್ವಂತ ಉದ್ಯಮಕ್ಕೆ 2 ಲಕ್ಷ ರೂ.ವರೆಗೆ ಬಡ್ಡಿರಹಿತ ಸಾಲ ನೀಡುವ 'ಪ್ರವಾಸಿ ಭದ್ರತಾ' ಯೋಜನೆ ತಂದವು.

ಉದ್ಯಮಗಳತ್ತ ಗಮನ

2021ರಲ್ಲಿ ಕಳಮಶ್ಶೇರಿ ಶಾಸಕರಾಗಿ ಆಯ್ಕೆಯಾದ ಪಿ. ರಾಜೀವ್ ಕೈಗಾರಿಕಾ ಸಚಿವರಾದರು. 2022-23 ಅನ್ನು 'ಉದ್ಯಮಗಳ ವರ್ಷ' ಎಂದು ಘೋಷಿಸಿ, ಒಂದು ಲಕ್ಷ ಹೊಸ ಘಟಕಗಳ ಗುರಿ ಇಟ್ಟುಕೊಳ್ಳಲಾಯಿತು. 1.39 ಲಕ್ಷ ಘಟಕಗಳು ಶುರುವಾಗಿವೆ ಎಂದು ಸರ್ಕಾರ ಹೇಳಿತು. ಹಳೆಯ ಅಂಗಡಿಗಳನ್ನೂ ಲೆಕ್ಕಕ್ಕೆ ಸೇರಿಸಲಾಗಿದೆ ಎಂದು ವಿರೋಧ ಪಕ್ಷ ಆರೋಪಿಸಿತು. 2025ರ ಫೆಬ್ರವರಿಯಲ್ಲಿ ಕೊಚ್ಚಿಯಲ್ಲಿ ನಡೆದ ಹೂಡಿಕೆದಾರರ ಸಮಾವೇಶದಲ್ಲಿ ಒಂದೂವರೆ ಲಕ್ಷ ಕೋಟಿ ರೂ. ಮೀರಿದ ಪ್ರಸ್ತಾವಗಳು ಬಂದವು. ಪ್ರಸ್ತಾವ ಬೇರೆ, ನೆಲಕ್ಕಿಳಿಯುವ ಹೂಡಿಕೆ ಬೇರೆ ಎಂಬುದನ್ನು ಇಲ್ಲಿ ಮರೆಯುವಂತಿಲ್ಲ.

20 ರೂಪಾಯಿ ಊಟ ಏನಾಯಿತು?

ಕೊರೊನಾ ಕಾಲದಲ್ಲಿ ಹೆಚ್ಚು ಜನರನ್ನು ತಲುಪಿದ್ದು 20 ರೂ.ಗೆ ಊಟ ನೀಡುವ 'ಜನಕೀಯ ಹೋಟೆಲ್'ಗಳು. ಕುಟುಂಬಶ್ರೀ ಮಹಿಳೆಯರು ನಡೆಸುತ್ತಿದ್ದ ಇವುಗಳಿಗೆ ಪ್ರತಿ ಊಟಕ್ಕೆ 10 ರೂ. ಸಬ್ಸಿಡಿ ಸಿಗುತ್ತಿತ್ತು. 2023ರ ಆಗಸ್ಟ್‌ನಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಊಟದ ದರ 30 ರೂ.ಗೆ ಏರಿತು. ಸಬ್ಸಿಡಿ ಬಾಕಿಗಾಗಿ ಮಹಿಳೆಯರು ಬೀದಿಗಿಳಿಯಬೇಕಾಯಿತು. ಬಾಕಿ ತೀರಿಸುತ್ತೇವೆ ಎಂದು ಶುರುವಾದ ಪ್ಯಾಕೇಜ್, ಸಾಲ ಮಾಡಿ ಅಡುಗೆ ಮನೆ ನಡೆಸಿದವರಿಗೇ ಕೊನೆಗೆ ಬಾಕಿ ಉಳಿಸಿತು.

ಇತ್ತ ಸಾಲದ ಮಿತಿ ವಿಚಾರದಲ್ಲಿ ಕೇಂದ್ರದ ವಿರುದ್ಧ ಕೇರಳ ಸುಪ್ರೀಂ ಕೋರ್ಟ್ ಮೆಟ್ಟಿಲೇರಿದ್ದು, 2024ರ ಏಪ್ರಿಲ್‌ನಲ್ಲಿ ಪ್ರಕರಣ ಸಂವಿಧಾನ ಪೀಠಕ್ಕೆ ವರ್ಗವಾಯಿತು. ಈ ನಡುವೆ 2023ರಲ್ಲಿ ಕೋಝಿಕ್ಕೋಡ್, 2024ರಲ್ಲಿ ಮಲಪ್ಪುರಂ ಜಿಲ್ಲೆಯಲ್ಲಿ ನಿಫಾ ಮತ್ತೆ ಕಾಣಿಸಿಕೊಂಡಿತು. ಮುಂದಿನ ಸೋಂಕಿಗೆ ಆಸ್ಪತ್ರೆಗಳಷ್ಟೇ ಅಲ್ಲ, ಖಜಾನೆಯೂ ಸಜ್ಜಾಗಿರಬೇಕು ಎಂಬುದು ಕೇರಳದ ಅನುಭವ ಹೇಳುವ ಪಾಠ.